ಗಿರಾಕಿ ಬರುವ ಹೊತ್ತು

ಅವತ್ತು ಅಂಗಡಿಯಲ್ಲಿ ನಾವು ಮೂರೇ ಜನ ಇದ್ದೆವು. ದೀಪಾವಳಿಗೆ ಇನ್ನೂ ಹತ್ತು ಹನ್ನೆರಡು ದಿನವಿತ್ತು. ಚಿಕ್ಕಪ್ಪ ತಮ್ಮ ಎಂದಿನ ಜಾಗದಲ್ಲಿ, ನಾಲ್ಕು ಪದರ ಮಡಿಸಿದ ಗೋಣಿಚೀಲದ ಮೇಲೆ ಕೂತಿದ್ದರು. ಅಣ್ಣ ಪ್ಯಾಂಟಿಗೆ ಧೂಳು ಮೆತ್ತುತ್ತದೆಂದು ನಿಂತೇ ಇದ್ದ. ನಾನು ಅಂಟುವಾಳದ ಮೂಟೆಯೊಂದರ ಮೇಲೆ, ಚಿಕ್ಕಂದಿನಿಂದ ಕೂರುತ್ತಿದ್ದ ಹಾಗೆಯೇ, ಕಾಲು ಇಳಿಬಿಟ್ಟು ಕೂತಿದ್ದೆ. ನಾಲ್ಕನೆಯವರೊಬ್ಬರು ಇರಬೇಕಿತ್ತು. ನಮ್ಮ ಅಂಗಡಿಯ ಜಗಲಿಯ ಮೇಲೆ ಕೂತು, ಮಂಡಿಯ ಹರಿದ ಗೋಣಿಚೀಲಗಳನ್ನೆಲ್ಲ ಹೊಲಿದುಕೊಡುವ ಭಾಯ್. ಮಗಳ ಹೆರಿಗೆಗೆಂದು ಹೆಂಡತಿಯನ್ನು ಕರೆದುಕೊಂಡು ಅವರು ಚನ್ನಪಟ್ಟಣಕ್ಕೆ ಹೋಗಿದ್ದರು. ಅವರ ದಬ್ಬಳ, ಸೆಣಬಿನ ಹುರಿಯ ಉಂಡೆ, ಬೋರಲು ಹಾಕಿದ ಸ್ಟೂಲು ಜಗಲಿಯ ಮೂಲೆಯಲ್ಲಿದ್ದವು. ಆ ಸ್ಟೂಲಿನ ಮೇಲೆ ಅವತ್ತು ಭಾಯ್ ಇದ್ದಿದ್ದರೆ ನಾನು ಇದನ್ನು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ.

ಮಾರನೆಯ ದಿನ ಚಿಕ್ಕಪ್ಪನಿಗೆ ಕಣ್ಣಿನ ಪೊರೆಯ ಆಪರೇಷನ್. ಮೂರು ವರ್ಷ ಗೋಗರೆದರೂ ಒಪ್ಪದಿದ್ದವರು ಆ ವರ್ಷ ತಾವಾಗಿಯೇ "ಮಾಡುಸ್ಬುಡಿ" ಅಂದಿದ್ದರು.

"ಏಳು ಗಂಟೆಗೆಲ್ಲ ರೆಡಿಯಾಗಿರಿ ಚಿಕ್ಕಪ್ಪ, ನಾನೇ ಕಾರು ತರ್ತೀನಿ" ಅಂದ ಅಣ್ಣ.

"ಬತ್ತೀನಿ ಕಣಪ್ಪ. ಆದ್ರೆ ದೀಪಾವಳಿ ಕಳೀತಿದ್ದಂಗೆ ನನ್ನ ಇಲ್ಲಿಗೆ ತಂದು ಬುಟ್ಬುಡ್ಬೇಕು. ಗಿರಾಕಿ ಬರೋ ಒತ್ತು."

ನಾನೂ ಅಣ್ಣನೂ ಮುಖ ಮುಖ ನೋಡಿಕೊಂಡೆವು. ಆ ಅಂಗಡಿಗೆ ಗಿರಾಕಿ ಬಂದು ಎಷ್ಟು ಕಾಲವಾಗಿತ್ತೋ.

"ಯಾವ ಗಿರಾಕಿ ಚಿಕ್ಕಪ್ಪ?" ಎಂದೆ.

"ಬೆಟ್ಟದ ಕಡೆಯವ್ನು ಕಣವ್ವ. ತಪ್ಪದೆ ಬತ್ತಾನೆ. ಓದ ವರ್ಸವೂ ಬಂದಿದ್ದ, ಅದರಿಂದಿನ ವರ್ಸವೂ ಬಂದಿದ್ದ. ಸದ್ದು ಕೇಳ್ತದೆ, ಬಣ್ಣ ಕಾಣಾಕಿಲ್ಲ. ಮಬ್ಬು ಮಬ್ಬು. ಅದ್ಕೇ ಈ ಕಣ್ಣು ಮಾಡುಸ್ಕೊಳಾದು." ಆಮೇಲೆ ಒಳಗಿನ ಕತ್ತಲೆಯ ಕಡೆಗೊಮ್ಮೆ ಕೈ ಆಡಿಸಿ, "ನಾನು ಬರೋಗಂಟ ಅಂಗ್ಡಿ ಒಸಿ ನೋಡ್ಕಳಿ, ಅಷ್ಟೆ" ಅಂದರು.

ಇಲ್ಲೇ ಹೇಳಿಬಿಡುತ್ತೇನೆ. ಆ ಗಿರಾಕಿ ಒಂದು ಹಕ್ಕಿ. ಗುಬ್ಬಿಗಿಂತ ಚಿಕ್ಕದು. ಬೂದಿ ಬಣ್ಣದ ತಲೆ, ಅರಿಸಿನದಂಥ ಹೊಟ್ಟೆ, ಬೆನ್ನಿಗೆ ಎಳೆ ಹಸಿರು. ಬೆಟ್ಟದ ಕಾಡುಗಳಲ್ಲಿ ಹಾರುವ ಹುಳ ಹಿಡಿದು ತಿಂದು ಬದುಕುವಂಥದ್ದು. ಚಳಿ ಬಿದ್ದ ಮೇಲೆ ಕೆಳಗಿನ ಊರುಗಳ ತೋಪು, ಹಿತ್ತಲು ಹುಡುಕಿಕೊಂಡು ಬರುತ್ತದೆ. ಹಕ್ಕಿ ನೋಡುವ ಹವ್ಯಾಸದವರು ಇದನ್ನು ನೊಣಹಿಡುಕಗಳ ಸಾಲಿಗೆ ಸೇರಿಸುತ್ತಾರಂತೆ. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಅವತ್ತು ಗಿರಾಕಿ ಎಂದರೆ ಗಿರಾಕಿ ಎಂದೇ ತಿಳಿದೆವು. ಚಪ್ಪಲಿ ಬಿಟ್ಟು ಒಳಗೆ ಬಂದು, ಕಾಯಿ ಮುರಿದು ಮೂಸಿ ನೋಡಿ, ಮೂಟೆ ಎತ್ತಿಸಿಕೊಂಡು ಹೋಗುವ ಒಬ್ಬ ಮನುಷ್ಯ.

ಮಂಡಿ ಮೊಹಲ್ಲಾದ ಆ ಅಂಗಡಿ ನಮ್ಮ ತಾತ ಮಾಡಿದ್ದು. ತಾತ ಯಳಂದೂರಿನ ಕಡೆಯಿಂದ ಬಂದವರು. ಅಲ್ಲಿನ ಬೆಟ್ಟದ ಬುಡದಲ್ಲಿ ಸೀಗೆಕಾಯಿ ಕೊಂಡು ಮೈಸೂರಿಗೆ ತಂದು ಮಾರುತ್ತ, ಕೊನೆಗೆ ಇಲ್ಲೇ ನೆಲೆ ನಿಂತರು. ಮುಂದೆ ಎರಡು ಬಾಗಿಲಗಲ, ಒಳಗೆ ರೈಲು ಡಬ್ಬಿಯಷ್ಟು ಉದ್ದ, ಕೊನೆಯಲ್ಲಿ ಒಂದು ಪಕ್ಕಕ್ಕೆ ಮಲಗುವುದಕ್ಕೊಂದು ಕೋಣೆ, ಹಿಂದೆ ಅಂಗಳ, ಅಂಗಳದಲ್ಲಿ ಒಂದು ಅತ್ತಿಮರ. ನಮ್ಮಪ್ಪ ಕೆಲಸ ಹಿಡಿದು ಒಂಟಿಕೊಪ್ಪಲಿನಲ್ಲಿ ಮನೆ ಮಾಡಿದರು. ಮದುವೆಯಾಗದೆ ಉಳಿದ ಚಿಕ್ಕಪ್ಪ ಅಂಗಡಿಯಲ್ಲೇ ಉಳಿದರು.

ಶಾಲೆಯಲ್ಲಿ ನಾನು ಕನ್ನಡ ಓದಿದ್ದೇನೆ. ಕಲಿತದ್ದು ಮಾತ್ರ ಆ ಮೂಟೆಗಳ ನಡುವೆ. ಬೇಸಿಗೆ ರಜ ಬಂತೆಂದರೆ ನನ್ನನ್ನು ಅಲ್ಲಿ ಬಿಟ್ಟುಬಿಡುತ್ತಿದ್ದರು. ಚಿಕ್ಕಪ್ಪ ನನ್ನ ಕೈಗೊಂದು ಸೀಗೆಕಾಯಿ ಕೊಟ್ಟು ಕಿವಿಯ ಹತ್ತಿರ ಅಲ್ಲಾಡಿಸು ಎನ್ನುತ್ತಿದ್ದರು. ಗಲಗಲ ಅಂದರೆ ಚೆನ್ನಾಗಿ ಬಲಿತು ಒಣಗಿದೆ. ಮಂದವಾದ ಸದ್ದು ಬಂದರೆ ಇನ್ನೂ ನೀರಿದೆ. ಸದ್ದೇ ಬರಲಿಲ್ಲವೋ, ಒಳಗೆ ಹುಳ ಇದೆ. ಒಂದು ದಿನ ನಾನು ಜಾಣತನ ತೋರಿಸಿ, "ಇದು ಹುಳುಕು" ಅಂದೆ. "ಉಳುಕು ಅನ್ಬೇಡ ಕಣವ್ವ, ಅದು ಮನ್ಸರಿಗೆ ಆಡೋ ಮಾತು. ಕಾಯಿಗೆ ಉಳ ಬಿದ್ದದೆ ಅನ್ನು. ಅದ್ಕೂ ಒಟ್ಟೆ ಅದೆ" ಅಂದರು. ಹಕಾರ ಅವರ ನಾಲಿಗೆಗೆ ಸಿಕ್ಕಿದ್ದೇ ಇಲ್ಲ. ಹೊಟ್ಟೆ ಒಟ್ಟೆ, ಹುಳ ಉಳ, ಹೂವು ಊವು. ನಾನೂ ಹಾಗೆಯೇ ಮಾತಾಡಿ ಶಾಲೆಯಲ್ಲಿ ಬೈಸಿಕೊಂಡದ್ದುಂಟು. ಇರಲಿ, ಹೇಳುತ್ತಿದ್ದದ್ದು ಅದಲ್ಲ.

ಶಾಂಪೂ ಪೊಟ್ಟಣ ಬಂದ ಮೇಲೆ ಸೀಗೆಕಾಯಿ ಕೇಳುವವರು ಕಡಿಮೆಯಾದರು, ಆಮೇಲೆ ಇಲ್ಲವಾದರು. ಒಣಗಿ ನಿಂತ ಮೂಟೆಗಳು ವರ್ಷಗಟ್ಟಲೆ ಅಲ್ಲೇ ಕೂತವು. ಅವುಗಳೊಳಗೆ ಹುಳ ಬಿದ್ದು, ಹುಳ ಚಿಟ್ಟೆಯಾಗಿ, ಉಗುರಿನಷ್ಟು ಚಿಕ್ಕ ಬೂದು ಚಿಟ್ಟೆಗಳು ಅಂಗಡಿಯ ತುಂಬ ತೇಲಾಡುತ್ತಿದ್ದವು. ಎದುರಿನ ಪ್ಲಾಸ್ಟಿಕ್ ಸಾಮಾನಿನ ಅಂಗಡಿಯವನು ದಿನಕ್ಕೊಮ್ಮೆಯಾದರೂ ಕೆಣಕುತ್ತಿದ್ದ.

"ಏನ್ ಯಜಮಾನ್ರೇ, ಒಬ್ರೇ ನೊಣ ಹೊಡೀತಾ ಕೂತಿದೀರ? ಸಹಾಯಕ್ಕೆ ಆಳು ಕಳಿಸ್ಲಾ?"

"ಆಳು ಅವ್ನೆ ಕಣಯ್ಯ, ಚಳಿಗಾಲಕ್ಕೆ ಬತ್ತಾನೆ" ಅನ್ನುತ್ತಿದ್ದರು ಚಿಕ್ಕಪ್ಪ.

ಬೀದಿ ನಗುತ್ತಿತ್ತು. ನಾನೂ ಅಲ್ಲಿದ್ದಾಗ ನಕ್ಕಿದ್ದೇನೆ. ವ್ಯಾಪಾರವಿಲ್ಲದ ಮುದುಕ ಹಾಸ್ಯ ಮಾಡಿ ಮಾನ ಉಳಿಸಿಕೊಳ್ಳುತ್ತಿದ್ದಾನೆ ಅಂದುಕೊಂಡೆವು. ಅವರು ನಿಜವನ್ನೇ ಹೇಳುತ್ತಿದ್ದರು.

ಆಪರೇಷನ್ ಚೆನ್ನಾಗಿಯೇ ಆಯಿತು. ಚಿಕ್ಕಪ್ಪನನ್ನು ಒಂಟಿಕೊಪ್ಪಲಿನ ನಮ್ಮ ಮನೆಗೆ ಕರೆತಂದು, ಕರಿ ಕನ್ನಡಕ ಹಾಕಿಸಿ, ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಡುತ್ತ ಬಂದೆ. ಅದರ ಮೂರನೆಯ ದಿನ ಅಣ್ಣ ಬಂದು ನನ್ನನ್ನು ಅಡುಗೆಮನೆಗೆ ಕರೆದ.

"ಆ ಬೆಟ್ಟದ ಕಡೆ ಗಿರಾಕಿ ಯಾರೋ ಆಯುರ್ವೇದದ ಸೋಪು ಮಾಡೋ ಪೈಕಿ ಇರ್ಬೇಕು ಕಣೇ. ಈಗ ಮತ್ತೆ ಸೀಗೆಕಾಯಿಗೆ ಕಾಲ ಬಂದಿದೆ. ಬಂದೋನು ಆ ಹುಳ, ಆ ಜೇಡರ ಬಲೆ ನೋಡಿದ್ರೆ ಬಾಗಿಲಲ್ಲೇ ತಿರುಗಿ ಹೋಗ್ತಾನೆ. ಚಿಕ್ಕಪ್ಪ ಬರೋಷ್ಟರಲ್ಲಿ ಎಲ್ಲ ಕ್ಲೀನ್ ಮಾಡಿಸ್ಬುಡೋಣ."

"ಅವರನ್ನ ಒಂದ್ಮಾತು ಕೇಳೋಣ್ವಾ?"

"ಕೇಳಿದ್ರೆ ಬೇಡ ಅಂತಾರೆ. ಅಂಗ್ಡಿ ನೋಡ್ಕಳಿ ಅಂತ ಅವರೇ ಅಂದ್ರಲ್ಲ."

ಹೌದು, ಅಂದಿದ್ದರು. ನನಗೂ ಉತ್ಸಾಹ ಬಂತು. ಹೊಸ ಕಣ್ಣಿಗೆ ಹೊಸ ಅಂಗಡಿ ಕಾಣಿಸಬೇಕು ಎನ್ನುವ ಆಸೆ. ಅಣ್ಣನ ಮೇಲೆ ಎಲ್ಲ ಹೊರಿಸುವುದು ಸುಲಭ. ಆದರೆ ಬೀಗದ ಕೈ ನನ್ನ ಹತ್ತಿರ ಇತ್ತು, ಸೆರಗು ಸಿಕ್ಕಿಸಿಕೊಂಡು ಮುಂದೆ ನಿಂತು ಮಾಡಿಸಿದವಳು ನಾನು. ಹುಳ ಬಿದ್ದ ಮೂಟೆಗಳನ್ನೆಲ್ಲ ಆರಿಸಿ ಆರಿಸಿ, ಕಿವಿಯ ಹತ್ತಿರ ಕಾಯಿ ಅಲ್ಲಾಡಿಸಿ ನೋಡಿ, ಸದ್ದು ಬಾರದ್ದನ್ನು ಬೇರೆ ಮಾಡಿಸಿದೆ. ಅವರು ಕಲಿಸಿದ ವಿದ್ಯೆ ನೋಡಿ, ಒಂದೂ ತಪ್ಪಲಿಲ್ಲ. ಅವೆಲ್ಲ ಕಸದ ಟ್ರ್ಯಾಕ್ಟರಿಗೆ ಹೋದವು. ಒಳ್ಳೆಯ ಮೂಟೆಗಳಿಗೆ ಟಾರ್ಪಾಲು ಹೊದಿಸಿದೆವು. ಮಾರನೆಯ ದಿನ ಹುಳಕ್ಕೆ ಔಷಧಿ ಹೊಡೆಯುವವನು ಬೆನ್ನಿಗೆ ಟ್ಯಾಂಕು ಕಟ್ಟಿಕೊಂಡು ಬಂದ. ಗೋಡೆ, ತೊಲೆ, ಮೂಲೆ, ಚಿಕ್ಕಪ್ಪನ ಮಂಚದ ಕೆಳಗೆ, ಎಲ್ಲ ಕಡೆ ಹೊಡೆದ. ಮುಗಿಯಿತು ಎಂದು ಅವನು ಕೊಳವೆ ಸುತ್ತಿಕೊಳ್ಳುತ್ತಿದ್ದಾಗ, "ಹಿಂದಿನ ಅಂಗಳಕ್ಕೂ ಹೊಡೀರಿ, ಆ ಅತ್ತಿಮರದ ತುಂಬ ಹುಳಾನೇ" ಎಂದವಳು ನಾನು.

"ಹೊಡೆದ್ಬುಟ್ಟೆ ಮೇಡಂ. ಇನ್ನಾರು ತಿಂಗ್ಳು ಒಂದು ನೊಣಾನೂ ಇತ್ಲಾಗೆ ತಲೆ ಹಾಕಲ್ಲ" ಅಂದ.

"ಚಿಕ್ಕಪ್ಪಂಗೆ ಇನ್ಮೇಲೆ ನೊಣ ಹೊಡೆಯೋ ಕೆಲ್ಸಾನೂ ಹೋಯ್ತು" ಎಂದು ಅಣ್ಣ ನಕ್ಕ. ನಾನೂ ನಕ್ಕೆ.

ಇತ್ತ ಮನೆಯಲ್ಲಿ ಚಿಕ್ಕಪ್ಪನಿಗೆ ಸಂಭ್ರಮವೋ ಸಂಭ್ರಮ. ಕಣ್ಣಿನ ಪಟ್ಟಿ ಬಿಚ್ಚಿದ ದಿನದಿಂದ ಕಂಡದ್ದಕ್ಕೆಲ್ಲ ಬೆರಗು. ನನ್ನ ತಲೆ ನೋಡಿ, "ಅಯ್ಯೋ, ನಿಂಗೂ ನರೆತುಬುಟ್ಟದಲ್ಲವ್ವ!" ಅಂದರು. ಗೋಡೆಯ ಕಲೆ, ಪಾತ್ರೆಯ ಕರಿ, ಯಾವುದನ್ನೂ ಬಿಡಲಿಲ್ಲ. ಆದರೆ ಅವರಿಗೆ ಬೇಕಾದದ್ದು ಹಳದಿ. ಹಬ್ಬಕ್ಕೆ ತಂದ ಚೆಂಡುಹೂವನ್ನು ಕೈಯಲ್ಲಿ ಹಿಡಿದು ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ, ಎಡಗಣ್ಣು ಮುಚ್ಚಿ ಬಲಗಣ್ಣಲ್ಲಿ ನೋಡಿದರು. ಮಾಡಿಸಿದ್ದು ಬಲಗಣ್ಣು, ಎಡಗಣ್ಣಿನ ಪೊರೆ ಹಾಗೇ ಇತ್ತು, ಅದಕ್ಕೆ ಮೂರು ತಿಂಗಳು ಬಿಟ್ಟು ಬನ್ನಿ ಎಂದಿದ್ದರು.

"ಇದು ಕೆಂಪು ಜಾಸ್ತಿ ಆಯ್ತು" ಅಂದು ಹೂವು ಕೆಳಗಿಟ್ಟರು.

ಅರಿಸಿನದ ಡಬ್ಬಿ ತಂದೆ. "ಇದು ಸರಿಯೋಯ್ತದೆ. ಆದ್ರೆ ಇದ್ರಲ್ಲಿ ಜೀವ ಇಲ್ವಲ್ಲ" ಅಂದರು.

"ಯಾವುದಕ್ಕೆ ಹೋಲಿಸಿ ನೋಡ್ತಿದೀರ ಚಿಕ್ಕಪ್ಪ?"

"ನೋಡ್ದಾಗ ಏಳ್ತೀನಿ ಬುಡು" ಅಂದರು, ಮದುವೆಗೆ ಹೊರಟ ಗಂಡಿನ ಹಾಗೆ ನಾಚಿಕೊಂಡು. ನಾನು ಇನ್ನೊಂದು ಮಾತು ಕೇಳಬಹುದಿತ್ತು. ಒಲೆಯ ಮೇಲೆ ಹಾಲಿತ್ತು, ಹೋದೆ.

ಹಬ್ಬ ಕಳೆದ ಮಾರನೆಯ ದಿನ ಸಂಜೆ ಕರೆದುಕೊಂಡು ಹೋದೆವು. ಅಣ್ಣ ಬಾಗಿಲು ತೆಗೆದು ದೀಪ ಹಾಕಿದ. ಸುಣ್ಣ ಬಳಿದ ಗೋಡೆ, ತೊಳೆದ ನೆಲ, ಸಾಲಾಗಿ ಜೋಡಿಸಿದ ಮೂಟೆ. ಚಿಕ್ಕಪ್ಪ ಹೊಸಿಲಲ್ಲೇ ನಿಂತರು. ಮೂಗು ಅರಳಿಸಿ ಎರಡು ಸಲ ಉಸಿರು ಎಳೆದುಕೊಂಡರು.

"ಏನು ವಾಸ್ನೆ ಇದು?"

"ಫಿನಾಯಿಲು ಚಿಕ್ಕಪ್ಪ, ನೆಲ ತೊಳಿಸಿದ್ವಿ. ಗಿರಾಕಿ ಬಂದ್ರೆ ನಾಚಿಕೆಪಡೋ ಹಾಗಿರಬಾರ್ದು ನೋಡಿ" ಅಂದ ಅಣ್ಣ.

ಚಿಕ್ಕಪ್ಪ ಅವನ ಬೆನ್ನು ತಟ್ಟಿದರು. "ಬೋ ಕಷ್ಟಪಟ್ಟಿದ್ದೀರ ಕಣಪ್ಪ" ಅಂದರು. ಅವರ ಕಣ್ಣು ಮಾತ್ರ ತೊಲೆಯ ಮೇಲೆ, ಮೂಲೆಗಳ ಮೇಲೆ ಓಡಾಡುತ್ತಿತ್ತು. ಅಷ್ಟು ಹೊತ್ತಿಗೆ ಅವರಿಗೆ ಅನುಮಾನ ಬಂದಿತ್ತೋ ಏನೋ ನನಗೆ ಗೊತ್ತಿಲ್ಲ.

ಅದಾದ ಎರಡನೆಯ ಬೆಳಿಗ್ಗೆ ನಾನು ಉಪ್ಪಿಟ್ಟಿನ ಡಬ್ಬಿ ಹಿಡಿದುಕೊಂಡು ಹೋದಾಗ ಮುಂಬಾಗಿಲು ತೆರೆದಿತ್ತು, ಚಿಕ್ಕಪ್ಪ ಒಳಗಿರಲಿಲ್ಲ. ಹಿಂದಿನ ಅಂಗಳದ ಹೊಸಿಲ ಮೇಲೆ ಕೂತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ ತಿರುಗದೆಯೇ ಕೈ ಎತ್ತಿ ತಡೆದರು.

"ಸುಮ್ಕಿರವ್ವ. ಗಿರಾಕಿ ಬಂದವ್ನೆ."

ಬಟ್ಟೆ ಒಣಹಾಕುವ ತಂತಿಯ ಮೇಲೆ ಅದು ನೆಟ್ಟಗೆ ಕೂತಿತ್ತು. ಎಳೆ ಬಿಸಿಲು ಅದರ ಹೊಟ್ಟೆಯ ಮೇಲೆ ಬಿದ್ದಿತ್ತು. ಆ ಹಳದಿಯನ್ನು ಹೇಗೆ ಹೇಳಲಿ, ಡಬ್ಬಿಯ ಅರಿಸಿನದಲ್ಲಿ ಇಲ್ಲದ್ದು ಏನೆಂದು ನನಗೆ ಆಗ ತಿಳಿಯಿತು. ಚಿಕ್ಕಪ್ಪ ಕರಿ ಕನ್ನಡಕ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದರು. ಎಡಗಣ್ಣನ್ನು ಅಂಗೈಯಲ್ಲಿ ಮುಚ್ಚಿದ್ದರು. ಬಲಗಣ್ಣಿನಿಂದ ನೀರು ಸುರಿಯುತ್ತಿತ್ತು.

"ಕಾಣ್ತಾನೆ ಕಣವ್ವ" ಅಂದರು. "ಒಸಾದ್ರಂಗೆ ಕಾಣ್ತಾನೆ."

ಗಿರಾಕಿ. ಬೆಟ್ಟದ ಕಡೆಯವನು. ಚಳಿಗಾಲಕ್ಕೆ ಬರುವ ಆಳು. ಒಂದೊಂದೇ ಮಾತು ತಿರುಗಿ ಬಂದು ಎದುರಿಗೆ ನಿಂತಿತು.

"ಈಗ ನೋಡು" ಎಂದು ಚಿಕ್ಕಪ್ಪ ಪಕ್ಕದಲ್ಲಿದ್ದ ಬಿದಿರು ಕೋಲು ತೆಗೆದುಕೊಂಡರು. ಹೊಸಿಲ ಒಳಗಡೆ ಇದ್ದ ಮೂಟೆಗೆ ಮೆಲ್ಲಗೆ ಎರಡು ಏಟು ಹಾಕಿದರು, ಟಪ್ ಟಪ್. ಹಾಗೆ ತಟ್ಟಿದರೆ ಒಳಗಿನ ಚಿಟ್ಟೆಗಳೆಲ್ಲ ಎದ್ದು ಬೆಳಕಿನ ಕಡೆಗೆ, ಅಂಗಳಕ್ಕೆ ಹಾರುತ್ತವೆ. ಹಕ್ಕಿ ತಂತಿಯಿಂದ ನೆಗೆದು ಗಾಳಿಯಲ್ಲೇ ಹಿಡಿಯುತ್ತದೆ. ಕೊಕ್ಕು ಮುಚ್ಚುವ ಸದ್ದು 'ಟಿಕ್' ಎಂದು ಕೇಳುತ್ತದೆ. ಆ ಮೊದಲ ಟಿಕ್ ಆ ದಿನದ ಬೋಣಿ. ಬೇರೆ ಅಂಗಡಿಯವರು ಮೊದಲ ವ್ಯಾಪಾರದ ನೋಟನ್ನು ಕಣ್ಣಿಗೆ ಒತ್ತಿಕೊಂಡ ಹಾಗೆ ಇವರು ಎರಡು ಬೆರಳು ಕಣ್ಣಿಗೆ ಒತ್ತಿಕೊಂಡು ಗದ್ದಿಗೆಗೆ ಬರುತ್ತಿದ್ದರು. ಇದು ಎಷ್ಟೋ ಚಳಿಗಾಲಗಳ ಪದ್ಧತಿ. ನನಗೆ ಅಂದೇ ಮೊದಲು.

ಏನೂ ಏಳಲಿಲ್ಲ.

ಹಕ್ಕಿ ತಲೆ ಓರೆ ಮಾಡಿ ಬಾಗಿಲ ಕಡೆಗೆ ನೋಡಿತು. ಟಪ್ ಟಪ್ ಸದ್ದಿನ ಅರ್ಥ ಅದಕ್ಕೂ ಗೊತ್ತಿತ್ತು. ನೆಗೆಯಿತು, ಗಾಳಿಯಲ್ಲಿ ಒಂದು ಸುತ್ತು ತಿರುಗಿತು, ಬರಿಕೊಕ್ಕಿನಲ್ಲಿ ಬಂದು ಕೂತಿತು. ಚಿಕ್ಕಪ್ಪ ಎರಡನೆಯ ಮೂಟೆಗೆ ತಟ್ಟಿದರು. ಮೂರನೆಯದಕ್ಕೆ. ಎದ್ದು ಒಳಗೆ ಹೋಗಿ ಸಾಲಿನ ಕೊನೆಯವರೆಗೂ ಒಂದೊಂದನ್ನೂ ತಟ್ಟುತ್ತ ಹೋದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಸೀಗೆಯ ಧೂಳು ಎದ್ದು ಬಿಸಿಲಲ್ಲಿ ನಿಂತಿತು. ಸೀನುತ್ತ ಕೆಮ್ಮುತ್ತ ತಟ್ಟುತ್ತಲೇ ಇದ್ದರು.

"ಕಣ್ಣಿಗೆ ಧೂಳು ಬೀಳುತ್ತೆ ಚಿಕ್ಕಪ್ಪ, ಬಿಡಿ, ಸಾಕು ಬಿಡಿ" ಎಂದು ನಾನು ಕೋಲು ಹಿಡಿದುಕೊಂಡೆ.

"ಉಳ ಎಲ್ಲವ್ವ?" ಅಂದರು.

"ಔಷಧಿ ಹೊಡೆಸಿದ್ವಿ."

"ಅತ್ತಿಮರಕ್ಕೆ?"

"ಅದಕ್ಕೂ."

ಅವರು ಕೋಲು ಬಿಟ್ಟರು. ಬೈಯಲಿಲ್ಲ. ಮತ್ತೆ ಹೊಸಿಲಿಗೆ ಹೋಗಿ ಕೂತರು. ಹಕ್ಕಿ ಬಹಳ ಹೊತ್ತು ಇತ್ತು. ತಂತಿಯಿಂದ ಮರಕ್ಕೆ, ಮರದಿಂದ ತಂತಿಗೆ. ಅದರ ಚುರುಕಾದ ಕೂಗು ಆಗಾಗ ಕೇಳುತ್ತಿತ್ತು. ಆ 'ಟಿಕ್' ಒಂದು ಸಲವೂ ಕೇಳಲಿಲ್ಲ. ಬಿಸಿಲು ಗೋಡೆ ದಾಟಿದ ಮೇಲೆ ತಿರುಗಿ ನೋಡಿದೆ, ತಂತಿ ಖಾಲಿಯಿತ್ತು.

ಮಾರನೆಯ ದಿನವೂ ಬಂದಿತ್ತಂತೆ, ಸ್ವಲ್ಪ ಹೊತ್ತು ಇದ್ದು ಹೋಯಿತಂತೆ. ಅದರಾಚೆಯ ದಿನ ಬರಲಿಲ್ಲ. ಆಮೇಲೆ ಯಾವ ದಿನವೂ ಬರಲಿಲ್ಲ.

ಭಾಯ್ ಚನ್ನಪಟ್ಟಣದಿಂದ ವಾಪಸಾದದ್ದು ಒಂದು ವಾರದ ಮೇಲೆ. ಮೊಮ್ಮಗಳು ಹುಟ್ಟಿದ ಸಿಹಿ ತಂದಿದ್ದರು. ಡಬ್ಬಿ ಕೈಯಲ್ಲೇ ಹಿಡಿದುಕೊಂಡು ಸುಣ್ಣ ಬಳಿದ ಗೋಡೆಯನ್ನೂ ಚಿಕ್ಕಪ್ಪನ ಮುಖವನ್ನೂ ನೋಡಿ, ನನ್ನನ್ನು ಜಗಲಿಗೆ ಕರೆದರು.

"ಏನ್ ಮಾಡ್ಬುಟ್ರಿ ಅಕ್ಕಾ ನೀವು?"

"ಗಿರಾಕಿ ಅಂದ್ರೆ ಹಕ್ಕಿ ಅಂತ ನಮಗೇನು ಗೊತ್ತು ಭಾಯ್? ಹಕ್ಕಿಗೆ ಹಕ್ಕಿ ಅನ್ನೋಕೇನಾಗಿತ್ತು ಅವರಿಗೆ?"

ಭಾಯ್ ಸ್ಟೂಲು ತಿರುಗಿಸಿ ಹಾಕಿ ಕೂತರು. "ಅನ್ನೋಕೆ ಬರ್ಬೇಕಲ್ಲ ಅಕ್ಕಾ. ಮೊದ್ಲು ಮೊದ್ಲು ಅಂದ್ರು. 'ನಮ್ಮಂಗ್ಡೀಗೆ ಅಕ್ಕಿ ಬಂದದೆ, ಬೆಟ್ಟದಕ್ಕಿ ಬಂದದೆ' ಅಂತ ಬೀದಿಗೆಲ್ಲ ಹೇಳಿದ್ರು, ಖುಷೀಲಿ. ಇದು ಮಂಡಿ ಅಲ್ವಾ? ಅರ್ಧ ಗಂಟೇಲಿ ಹತ್ತು ಹೆಂಗಸ್ರು ಚೀಲ ಹಿಡ್ಕೊಂಡು ನಿಂತ್ಬುಟ್ರು, ಬೆಟ್ಟದ ಅಕ್ಕಿ ಕೊಡಿ ಅಂತ. ಇವ್ರು ತಂತಿ ತೋರಿಸಿ, ಅಗೋ ಅಲ್ಲಿ ಕೂತದೆ ಅಂದ್ರು. ಅವತ್ತು ಬೀದಿ ನಕ್ಕಿದ್ದು ನೋಡ್ಬೇಕಿತ್ತು ನೀವು! ಮಾರನೇ ದಿನದಿಂದ ಅದ್ರ ಹೆಸ್ರು ಗಿರಾಕಿ. ನನಗೊಬ್ಬಂಗೇ ಗೊತ್ತಿದ್ದಿದ್ದು."

ಹೇಳುತ್ತ ಹೇಳುತ್ತ ಅವರಿಗೆ ನಗು ಬಂತು. ನನಗೂ ಬಂತು. ನಗುತ್ತಿದ್ದಂತೆಯೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡೆ.

ಎರಡು ದಿನ ಬಿಟ್ಟು ಭಾಯ್ ರಾಜೀವನಗರದ ತಮ್ಮ ಮನೆಯಿಂದ ಆಟೋದಲ್ಲಿ ಒಂದು ಚೀಲ ತಂದು ಇಳಿಸಿದರು. ಅವರ ಬೀದಿಯಲ್ಲಿ ಯಾರದೋ ಮನೆಯಲ್ಲಿ ಹುಳ ಹಿಡಿದು ಬಿಸಾಡಲಿದ್ದ ಜೋಳ. "ಹುಳ ಹಿಡಿದಿರೋದೇ ಬೇಕು ಅಂತ ಕೇಳ್ಕೊಂಡು ಬಂದೆ. ನಂಗೆ ತಲೆ ಕೆಟ್ಟದೆ ಅಂದ್ಕೊಂಡ್ರು. ಆಟೋದವ್ನಂತೂ ದಾರಿ ಪೂರ್ತಿ ತಲೆಕೂದ್ಲಲ್ಲಿ ಹುಳ ಹೆಕ್ಕುತ್ತಾ ಬೈದ" ಅಂದರು. ಚೀಲವನ್ನು ಅಂಗಳದ ಹೊಸಿಲಿಗೆ ಇಟ್ಟೆವು. ಬೆಳಿಗ್ಗೆ ಚಿಕ್ಕಪ್ಪ ಕೋಲಿನಲ್ಲಿ ತಟ್ಟಿದರು. ಚಿಟ್ಟೆಗಳು ಎದ್ದವು, ಬಿಸಿಲಿಗೆ ಹಾರಿದವು, ಗೋಡೆಯ ಮೇಲೆ ಅಲ್ಲಲ್ಲಿ ಹೋಗಿ ಕೂತವು. ಹಿಡಿಯುವವರಿಲ್ಲದೆ ಸುಮ್ಮನೆ ಕೂತವು. ಮೂವರೂ ತಂತಿಯನ್ನು ನೋಡುತ್ತ ನಿಂತೆವು.

"ಸರಕು ಬಂತು, ಗಿರಾಕಿ ಇಲ್ಲ" ಅಂದರು ಭಾಯ್, ನಗಿಸುವುದಕ್ಕೆ. ಯಾರೂ ನಗಲಿಲ್ಲ.

ಆ ತಟ್ಟುವುದು ತಿಂಗಳುಗಟ್ಟಲೆ ನಡೆಯಿತು. ಅಣ್ಣನಿಗೆ ವಿಷಯ ತಿಳಿದ ಮೇಲೆ ಅವನು ಒಂದು ಸಂಜೆ ಪಂಜರದಲ್ಲಿ ಎರಡು ಲವ್ ಬರ್ಡ್ಸ್ ತಂದು ಅದೇ ತಂತಿಗೆ ನೇತುಹಾಕಿದ. ಅವೂ ಹಳದಿ. "ಇವು ಎಲ್ಲೂ ಹೋಗಲ್ಲ ಚಿಕ್ಕಪ್ಪ, ವರ್ಷಪೂರ್ತಿ ಇರ್ತವೆ" ಅಂದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಚಿಕ್ಕಪ್ಪ ಪಂಜರವನ್ನು ಇಳಿಸಿ ಅವನ ಕೈಗೇ ಕೊಟ್ಟು, "ಬ್ಯಾಡ ಕಣಪ್ಪ. ಇವು ನಾವು ಕೊಟ್ಟಿದ್ದು ತಿನ್ನೋವು. ಅವ್ನು ಅಂಗಲ್ಲ" ಎಂದಷ್ಟೇ ಅಂದರು.

ಹಕ್ಕಿ ಎಲ್ಲಿಗೆ ಹೋಯಿತೆಂದು ನನಗೆ ಗೊತ್ತಿಲ್ಲ. ಅಷ್ಟು ಚಿಕ್ಕ ಜೀವ ಹಸಿದುಕೊಂಡು ಎಷ್ಟು ದೂರ ಹಾರೀತು? ಔಷಧಿ ತಾಗಿದ ಯಾವುದಾದರೂ ಹುಳವನ್ನು ಅದು ಅಂದೇ ತಿಂದಿತ್ತೋ? ಬೇರೆ ಯಾವುದೋ ಹಿತ್ತಲು ಸಿಕ್ಕಿರಬಹುದು ಎಂದು ಭಾಯ್ ಹೇಳುತ್ತಾರೆ. ಈ ಊರಿನಲ್ಲಿ ಈಗ ಎಷ್ಟು ಹಿತ್ತಲು ಉಳಿದಿವೆ ಎಂದು ನಾನು ಕೇಳುವುದಿಲ್ಲ. ಚಿಕ್ಕಪ್ಪ ಹೇಳುತ್ತಿದ್ದ ಬೆಟ್ಟದಿಂದಲೇ ಅದು ಬರುತ್ತಿತ್ತೋ ಇಲ್ಲವೋ, ಹಿಂದಿನ ವರ್ಷ ಬಂದದ್ದೇ ಈ ವರ್ಷ ಬರುತ್ತಿತ್ತೋ, ಅದನ್ನೂ ನಾನು ಯಾರನ್ನೂ ಕೇಳಿಲ್ಲ. ಕೇಳಿ ತಿಳಿದು ಈಗ ಮಾಡುವುದಾದರೂ ಏನು? ಕೇಳಬೇಕಾದಾಗ ನಾನು ಹಾಲು ನೋಡಲು ಹೋದವಳು.

ಸಂಕ್ರಾಂತಿಗೆ ಎಳ್ಳು ಬೀರಲು ಹೋದಾಗ ಚಿಕ್ಕಪ್ಪನ ಕಾಲಿಗೆ ನಮಸ್ಕಾರ ಮಾಡಿ, ಎದ್ದೇಳದೆ ಅಲ್ಲೇ ಕೂತು, "ತಪ್ಪಾಯ್ತು ಚಿಕ್ಕಪ್ಪ" ಅಂದೆ. ಅಷ್ಟು ದಿನ ಹೇಳಲಾಗದೆ ಉಳಿಸಿಕೊಂಡಿದ್ದ ಮಾತು ಅದು.

ಅವರು ಒಂದು ಚಿಟಿಕೆ ಎಳ್ಳು ಬಾಯಿಗೆ ಹಾಕಿಕೊಂಡರು. "ನೀನೇನು ಮಾಡೀಯೆ ಬುಡವ್ವ. ನಾನು ಅಕ್ಕಿ ಅಂತ ಏಳಿದ್ರೆ ನೀನು ಚೀಲ ತಕಂಡು ಬತ್ತಿದ್ದೆ. ಗಿರಾಕಿ ಅಂತ ಏಳ್ದೆ, ಅಂಗ್ಡಿ ತೊಳೆದೆ. ನಿಂಗೆ ಮಾತು ಕಲಿಸಿದವ್ನು ನಾನೇ ಅಲ್ವ" ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಹೋಗುವಾಗ ಎಂದಿನಂತೆ ಮೂಟೆಯಿಂದ ಒಂದು ಸೀಗೆಕಾಯಿ ತೆಗೆದು ಅವರ ಕಿವಿಯ ಹತ್ತಿರ ಅಲ್ಲಾಡಿಸಿ, "ಹೇಳಿ ನೋಡೋಣ, ಹೆಂಗಿದೆ?" ಎಂದೆ, ಚಿಕ್ಕಂದಿನ ಆಟ. ಅದು ಗಲಗಲ ಎನ್ನುತ್ತಿತ್ತು. ಚಿಕ್ಕಪ್ಪ ಕಾಯಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮೂಟೆಯೊಳಗೆ ಹಾಕಿ, ಮೂಟೆಯ ಬಾಯಿ ಮುಚ್ಚಿದರು.

ಶಿವರಾತ್ರಿಯ ಹಿಂದಿನ ದಿನ ನಾನು ಅಂಗಡಿಯಲ್ಲಿದ್ದಾಗ ಕಣ್ಣಿನ ಆಸ್ಪತ್ರೆಯಿಂದ ನನಗೆ ಫೋನ್ ಬಂತು. ಎಡಗಣ್ಣಿನ ಆಪರೇಷನ್ನಿಗೆ ದಿನ ಗೊತ್ತುಮಾಡಬೇಕು, ಯಜಮಾನರನ್ನೇ ಒಂದು ಮಾತು ಕೇಳಿ ಹೇಳಿ ಎಂದರು. ನಾನು ಫೋನನ್ನು ಚಿಕ್ಕಪ್ಪನ ಕೈಗೆ ಕೊಟ್ಟೆ. ಅವರು ಆ ಹುಡುಗಿ ಹೇಳಿದ್ದನ್ನೆಲ್ಲ ಕೊನೆಯವರೆಗೂ ಕೇಳಿದರು. ಆಮೇಲೆ, "ರಾಂಗ್ ನಂಬರ್ ಕಣಮ್ಮ" ಎಂದು ಹೇಳಿ ಫೋನನ್ನು ನನಗೆ ವಾಪಸು ಕೊಟ್ಟರು.